ಪರಂಗಿ ಅಲಗು, ನಾಡ ಹಿಡಿ

ಓದುಗರೇ, ಮಹಾನವಮಿ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯ ಹಳೆಯ ಮನೆಗಳಲ್ಲಿ ಅಟ್ಟದಿಂದ ಕೆಳಗಿಳಿಯುವ ಸಾಮಾನುಗಳ ನಡುವೆ ಒಂದು ಕತ್ತಿಯೂ ಇರುವುದುಂಟು. ಗೌಡರ ಮನೆಯಿರಲಿ, ನಾಯಕರ ಮನೆಯಿರಲಿ, ವೀರಭದ್ರನ ಗುಡಿಯಿರಲಿ, ಊರಮ್ಮನ ಗುಡಿಯಿರಲಿ, ನಡೆಯುವ ಕ್ರಮ ಒಂದೇ. ಹುಣಸೆಹಣ್ಣು ಹಚ್ಚಿ, ಇಟ್ಟಿಗೆ ಪುಡಿಯಲ್ಲಿ ತಿಕ್ಕಿ, ತೊಳೆದು, ಅರಿಶಿನ ಕುಂಕುಮವಿಟ್ಟು, ಹೂವೇರಿಸಿ, ಕುಂಬಳಕಾಯಿ ಒಡೆದ ಮೇಲೆ ಅದು ಮತ್ತೆ ಒಂದು ವರ್ಷದ ಮಟ್ಟಿಗೆ ಅಟ್ಟ ಸೇರುತ್ತದೆ. ಕೇಳಿದರೆ, "ಪಾಳೆಯಗಾರರ ಕಾಲದ್ದು" ಎನ್ನುತ್ತಾರೆ. ಅಷ್ಟಕ್ಕೆ ಮಾತು ಮುಗಿಯುತ್ತದೆ.

ಹಾಗೆ ತಿಕ್ಕುವಾಗ ಒಮ್ಮೊಮ್ಮೆ ಹಿಡಿಯಿಂದ ಗೇಣುದ್ದ ದೂರದಲ್ಲಿ, ಅಲಗಿನ ನಡುವಣ ತೋಡಿನಲ್ಲಿ ಏನೋ ಬರಹ ಕಾಣಿಸುತ್ತದೆ. ನೋಡಿದರೆ ಕನ್ನಡವಲ್ಲ, ನಾಗರಿಯಲ್ಲ, ಪಾರಸಿಯೂ ಅಲ್ಲ, ರೋಮನ್ ಅಕ್ಷರ. ಇಲ್ಲವೇ ನಾಲ್ಕಾರು ಗೀಟಿನಲ್ಲಿ ಕೆತ್ತಿದ, ನಾಯಿಯೋ ನರಿಯೋ ಎಂದು ಹೇಳಲಾಗದ ಒಂದು ಓಡುವ ಪ್ರಾಣಿ. ಆಗ ಎರಡು ಬಗೆಯ ಅನಾಹುತ ಆಗುವುದುಂಟು. "ಅಯ್ಯೋ, ಇದು ಇಂಗ್ಲಿಷರ ಕತ್ತಿ, ನಮ್ಮ ಹಿರಿಯರದಲ್ಲ" ಎಂದು ಅದನ್ನು ಗುಜರಿಗೆ ತೂಕ ಹಾಕುವುದು ಒಂದು. ಆ ಅಕ್ಷರವನ್ನೇ ಅರದಿಂದ ಉಜ್ಜಿ ತೆಗೆದು ಕತ್ತಿಯನ್ನು "ಶುದ್ಧ" ಮಾಡುವುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು ಎಂದು ನನ್ನ ಅಭಿಪ್ರಾಯ. ಗುಜರಿಗೆ ಹೋದದ್ದು ಅದೃಷ್ಟವಿದ್ದರೆ ಯಾರದಾದರೂ ಕಣ್ಣಿಗೆ ಬಿದ್ದು ಉಳಿದೀತು. ಅರ ತಿಂದ ಅಕ್ಷರ ಮತ್ತೆ ಬರುವುದಿಲ್ಲ.

ಆ ಅಕ್ಷರ ಅಲ್ಲಿಗೆ ಹೇಗೆ ಬಂತು, ಅದಿದ್ದ ಮಾತ್ರಕ್ಕೆ ಕತ್ತಿ ಪರರದಾಗುತ್ತದೆಯೇ ಎಂಬುದನ್ನು ವಿಚಾರಿಸೋಣ. ತೆರೆಯ ಮೇಲಾದರೆ ವಸ್ತುವನ್ನೇ ತಿರುಗಿಸಿ ತೋರಿಸಬಹುದು. ಅಚ್ಚಿನ ಪುಟದಲ್ಲಿ ಮಾತಿನಿಂದಲೇ ತೋರಿಸಬೇಕು. ಕತ್ತಿಯಲ್ಲಿ ಕೊಯ್ಯುವ ಭಾಗ ಅಲಗು, ಕೈಯಲ್ಲಿ ಹಿಡಿಯುವುದು ಹಿಡಿ. ಅಲಗಿನ ಉದ್ದಕ್ಕೂ ತೂಕ ಇಳಿಸಲು ಕೊರೆದ ಉದ್ದನೆಯ ಗೆರೆಯನ್ನು ಇಲ್ಲಿ ತೋಡು ಎಂದು ಕರೆಯುತ್ತೇನೆ. ಅಲಗಿನ ಕೊನೆ ಸಣ್ಣದಾಗಿ ಹಿಡಿಯೊಳಗೆ ಹೋಗಿ ಕೂರುತ್ತದಲ್ಲ, ಅದು ಬಾಲ. ಹೊರಗಿನಿಂದ ಕಾಣದ ಆ ಬಾಲದಲ್ಲೇ ಅರ್ಧ ಚರಿತ್ರೆ ಅಡಗಿರುತ್ತದೆ.

ಮೊದಲು ಹೆಸರಿನ ವಿಚಾರ. ಯೂರೋಪಿನ ಅಲಗಿಗೆ ನಮ್ಮ ದೇಶದ ಹಿಡಿ ಜೋಡಿಸಿದ ನೇರವಾದ ಉದ್ದನೆಯ ಕತ್ತಿಗೆ ದಖನ್ನಿನಲ್ಲಿ ಫಿರಂಗಿ ಎಂದೇ ಹೆಸರು. ಕನ್ನಡದಲ್ಲಿ ಫಿರಂಗಿ ಎಂದರೆ ತೋಪು. ಪರಂಗಿ ಎಂದರೆ ಯೂರೋಪಿನವನು; ಮತ್ತೆ, ಹಿತ್ತಲಲ್ಲಿ ಬೆಳೆಯುವ ಹಣ್ಣು. ಎಲ್ಲದರ ಮೂಲ ಒಂದೇ: ಫ್ರಾಂಕ್ ಎಂಬ ಯೂರೋಪಿನ ಜನಾಂಗದ ಹೆಸರು ಅರಬ್ಬೀ, ಪಾರಸಿಗಳ ಬಾಯಲ್ಲಿ ಫರಂಗಿಯಾಗಿ ಇಲ್ಲಿಗೆ ಬಂತು. ಅಮೆರಿಕದ ಹಣ್ಣು ಪೋರ್ಚುಗೀಸರ ಕಾಲದಲ್ಲಿ ಬಂದಿತಾದ್ದರಿಂದ ಪರಂಗಿ ಹಣ್ಣಾಯಿತು. ಪಾವಗಡದ ಹೊಲದ ಕಡಲೆಕಾಯಿಯೂ ಅದೇ ಖಂಡದ್ದು, ಅದಕ್ಕೆ ಮಾತ್ರ ಯಾರೂ ಪರಂಗಿ ಎನ್ನಲಿಲ್ಲ. ಕತ್ತಿ ತಿಕ್ಕುವ ಹುಣಸೆಹಣ್ಣಿನ ಮೂಲ ಆಫ್ರಿಕ. ಹುಣಸೆಮರವನ್ನು ಕಡಿದು ಸೀಮೆಯನ್ನು ಶುದ್ಧ ಮಾಡೋಣ ಎಂದು ತುಮಕೂರು ಜಿಲ್ಲೆಯಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಆಫ್ರಿಕದ ಮಾತು ಬಂದದ್ದರಿಂದ ಆ ಖಂಡದ ಉತ್ತರ ತುದಿಗೆ ಒಮ್ಮೆ ಹೋಗಿ ಬರೋಣ. ನಮ್ಮ ಅಟ್ಟದ ಕತ್ತಿಯ ದಾಯಾದಿಗಳು ಅಲ್ಲಿವೆ. ಮೊರಾಕ್ಕೊ ದೇಶದಲ್ಲಿ ಗಂಡಸರು ಹಬ್ಬಹರಿದಿನಗಳಲ್ಲಿ ಹೆಗಲಿನಿಂದ ಇಳಿಬಿಟ್ಟ ದಾರದಲ್ಲಿ ಎಡಗಡೆಗೆ ತೊಡುವ ಬಾಗಿದ ಬಾಕು ಒಂದಿದೆ, ಕುಮ್ಮಿಯಾ ಎಂದು ಅದರ ಹೆಸರು. ಒರೆ ಬೆಳ್ಳಿಯದೋ ಹಿತ್ತಾಳೆಯದೋ ಆಗಿ, ಅಕ್ಕಸಾಲಿಗನ ಕುಸುರಿಯಿಂದ ತುಂಬಿರುತ್ತದೆ. ಒರೆಯಿಂದ ಎಳೆದು ನೋಡಿದರೆ ಎಷ್ಟೋ ಸಲ ಒಳಗಿರುವುದು ಯೂರೋಪಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದ ಅಲಗು, ಅಥವಾ ಹಳೆಯ ಯೂರೋಪಿನ ಕತ್ತಿಯನ್ನು ಕತ್ತರಿಸಿ, ಉಜ್ಜಿ, ಹೊಸ ಆಕಾರಕ್ಕೆ ತಂದ ತುಂಡು. ಅಲ್ಲಿಯದೇ ಇನ್ನೊಂದು ನೇರವಾದ ಬಾಕುವಿಗೆ ಜನೂಯಿ ಎನ್ನುತ್ತಾರೆ. ಇಟಲಿಯ ಜಿನೋವಾ ಬಂದರಿನ ಹೆಸರೇ ಹಾಗೆ ತಿರುಗಿದೆ. ಸಹಾರಾ ಮರುಭೂಮಿಯ ತುವಾರೆಗ್ ಜನರ ತಕೂಬಾ ಎಂಬ ಉದ್ದ ಕತ್ತಿಯಲ್ಲಿ ಹಳೆಯ ಯೂರೋಪಿನ ಅಲಗಿಗೆ ಹೆಚ್ಚು ಬೆಲೆ. ಹಿಡಿ ಸವೆದರೆ ಹೊಸದು ಹಾಕಿಸುತ್ತಾರೆ, ಒರೆ ಹರಿದರೆ ಹೊಲಿಸುತ್ತಾರೆ, ಅಲಗು ಮಾತ್ರ ತಂದೆಯಿಂದ ಮಗನಿಗೆ ಹೋಗುತ್ತದೆ. ಅವರಲ್ಲಿ ಯಾರೂ ಅದನ್ನು ಪರರ ಕತ್ತಿ ಎಂದು ನಾಚಿಕೊಂಡವರಲ್ಲ.

ಮೊರಾಕ್ಕೊ, ಅಲ್ಜೀರಿಯಗಳ ಕಡೆಯ ಒಂದು ಬಗೆಯ ಕತ್ತಿಗೆ ಸಂಗ್ರಹಕಾರರು ನಿಮ್ಚಾ ಎನ್ನುತ್ತಾರೆ. ಅದರ ಅಲಗೂ ಸಾಮಾನ್ಯವಾಗಿ ಯೂರೋಪಿನದೇ. ಈ ಹೆಸರು ಕೇಳಿದ ಮೈಸೂರಿನವರ ಕಿವಿ ನಿಮಿರಬೇಕು. ಮೈಸೂರು ಅರಮನೆಯ ಆಯುಧಶಾಲೆಯಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರದೆಂದು ಹೇಳುವ ಕತ್ತಿಯ ಹೆಸರೂ ನಿಮ್ಚಾ. ಕಂಠೀರವರು ಆಳಿದ್ದು 1638ರಿಂದ 1659ರವರೆಗೆ. ಹೆಸರು ಒಂದೇ ಆದ ಮಾತ್ರಕ್ಕೆ ವಸ್ತು ಒಂದೇ ಎಂದುಕೊಳ್ಳಬಾರದು. ಪಾರಸಿಯಲ್ಲಿ ಆ ಪದಕ್ಕೆ ಅರ್ಧದಷ್ಟರದು, ಗಿಡ್ಡದು ಎಂಬರ್ಥ, ಗಿಡ್ಡ ಕತ್ತಿ ಎಲ್ಲಿದ್ದರೂ ಆ ಹೆಸರು ಪಡೆಯಬಹುದು. ಆದರೆ ಕತ್ತಿಗಳ ಜೊತೆಗೆ ಕತ್ತಿಯ ಮಾತುಗಳೂ ಸಮುದ್ರ ದಾಟುತ್ತಿದ್ದವು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಸಮುದ್ರ ದಾಟಿದ ಅಲಗು ಮಧುಗಿರಿಯ ಬೆಟ್ಟದ ಬುಡಕ್ಕೆ ಬರುವ ದಾರಿ ಯಾವುದು? ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ವಿಜಯನಗರಕ್ಕೆ ಅವರಿಂದ ಮುಖ್ಯವಾಗಿ ಬೇಕಾಗಿದ್ದದ್ದು ಕುದುರೆ. 1520ರ ರಾಯಚೂರು ಮುತ್ತಿಗೆಯಲ್ಲಿ ಕ್ರಿಸ್ತೊವಾವೊ ದ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಬಂದೂಕುಗಾರರೊಡನೆ ಕೃಷ್ಣದೇವರಾಯನ ಪರವಾಗಿ ಹೋರಾಡಿದ ಸಂಗತಿ ನೂನಿಜನ ಬರವಣಿಗೆಯಿಂದ ನಮಗೆ ತಿಳಿದಿದೆ. ಕುದುರೆ, ಕೋವಿಗಳು ಬಂದ ದಾರಿಯಲ್ಲೇ ಅಲಗುಗಳೂ ಬಂದವು. ಹಿಡಿಯಿಲ್ಲದ ಬರಿಯ ಅಲಗನ್ನು ಕಟ್ಟುಕಟ್ಟಾಗಿ ಹಡಗಿಗೆ ಹಾಕುವುದು ಸುಲಭ. ಹಿಡಿಯನ್ನು ಕೊಳ್ಳುವವನು ತನ್ನ ಕೈಗೆ, ತನ್ನ ಸಂಪ್ರದಾಯಕ್ಕೆ ತಕ್ಕಂತೆ ಹಾಕಿಸಿಕೊಳ್ಳುತ್ತಾನೆ.

1565ರ ರಕ್ಕಸತಂಗಡಿ ಯುದ್ಧದ ನಂತರ ವಿಜಯನಗರದ ಅರಸರು ಪೆನುಕೊಂಡೆಗೆ ಬಂದರು. ಪೆನುಕೊಂಡೆ ಪಾವಗಡ, ಮಧುಗಿರಿಗಳ ನೆರೆಯ ಊರು. 1638ರ ಹೊತ್ತಿಗೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ದಂಡು ಶಿರಾವನ್ನು ಹಿಡಿಯಿತು. 1687ರಲ್ಲಿ ಮೊಗಲರು ಬಂದು ಶಿರಾವನ್ನು ಒಂದು ಸುಭಾದ ರಾಜಧಾನಿಯಾಗಿ ಮಾಡಿದರು; ಅಲ್ಲಿನ ಮಲಿಕ್ ರಿಹಾನ್ ದರ್ಗಾ, 1696ರ ಜುಮ್ಮಾ ಮಸೀದಿ ಆ ಎರಡು ಆಳ್ವಿಕೆಗಳ ಗುರುತುಗಳು. ಅದಕ್ಕೆ ಒಂಬತ್ತು ವರ್ಷ ಮುಂಚೆಯೇ, 1678ರಲ್ಲಿ, ಚಿಕ್ಕದೇವರಾಜ ಒಡೆಯರ ಸೈನ್ಯ ಮಧುಗಿರಿಯನ್ನು ಅಲ್ಲಿನ ಗೌಡ ಮನೆತನದಿಂದ ಕಿತ್ತುಕೊಂಡಿತ್ತು. 1757ರಲ್ಲಿ ಶಿರಾ ಮರಾಠರ ಪಾಲು, 1761ರಲ್ಲಿ ಹೈದರಾಲಿಯ ಪಾಲು. ಶಿರಾದ ನವಾಬನೆಂಬ ಬಿರುದು ಹೈದರನಿಗೆ ದಕ್ಕಿದ್ದು ಆಗಲೇ. 1763ರಲ್ಲಿ ಬಿದನೂರಿನ ರಾಣಿ ವೀರಮ್ಮಾಜಿಯನ್ನು ಅವನು ಸೆರೆಯಲ್ಲಿಟ್ಟದ್ದು ಮಧುಗಿರಿ ಕೋಟೆಯಲ್ಲಿ. 1767ರಲ್ಲಿ ಬಿಡಿಸಿದವರು ಮರಾಠರು.

ಇಷ್ಟು ದಂಡುಗಳು ಹಾದುಹೋದ ಸೀಮೆಯಲ್ಲಿ ಕತ್ತಿಗಳು ಒಂದೇ ಕಡೆ ನಿಲ್ಲುವುದುಂಟೆ? ಸತ್ತವನ ಕತ್ತಿ ಗೆದ್ದವನಿಗೆ, ಸೋತವನ ಕತ್ತಿ ಕಪ್ಪಕ್ಕೆ, ಸಂಬಳ ಸಿಗದ ಸಿಪಾಯಿಯ ಕತ್ತಿ ಸಾಹುಕಾರನ ಅಡವಿಗೆ. ಬಿಜಾಪುರದ ಪರವಾಗಿ ಬೆಂಗಳೂರಿನಲ್ಲಿ ಕುಳಿತು ಈ ಸೀಮೆಯ ಜಹಗೀರು ನೋಡಿಕೊಂಡ ಶಹಾಜಿ ಭೋಸಲೆಯ ಮಗ ಶಿವಾಜಿ. ಶಿವಾಜಿಯದೆಂದು ಹೇಳಲಾಗುವ ಒಂದು ಕತ್ತಿಯನ್ನು ಕೊಲ್ಹಾಪುರದ ಅರಸರು 1875-76ರ ಪ್ರವಾಸದಲ್ಲಿ ಬಂದಿದ್ದ ವೇಲ್ಸ್ ರಾಜಕುಮಾರನಿಗೆ ಕಾಣಿಕೆಯಾಗಿ ಕೊಟ್ಟರು. ಅದರ ಅಲಗು ಯೂರೋಪಿನದು. ಯೇಸುವಿನ ಹೆಸರನ್ನು ಸೂಚಿಸುವ ಐ, ಎಚ್, ಎಸ್ ಎಂಬ ಮೂರು ಅಕ್ಷರಗಳ ಮುದ್ರೆ ಅದರ ಮೇಲಿದೆ. ಮರಾಠ ಸರದಾರರಿಗೆ ಇಲ್ಲದ ಸಂಕೋಚ ನಮಗೇಕೆ?

ಈಗ ನಿಜವಾದ ಒಗಟಿಗೆ ಬರೋಣ. ಕಬ್ಬಿಣ ಕಾಣದ ನಾಡು ಹೊರಗಿನಿಂದ ಅಲಗು ತರಿಸಿದರೆ ಆಶ್ಚರ್ಯವಿಲ್ಲ. ಆದರೆ ಈ ನಾಲ್ಕು ತಾಲ್ಲೂಕುಗಳ ಸೀಮೆ ಉಕ್ಕಿನ ಸೀಮೆ. 1800ರಲ್ಲಿ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ರಾಜ್ಯವನ್ನು ಸುತ್ತಿ ನೋಡಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಮಾಗಡಿಯ ಕಡೆಯ ಮತ್ತು ಚನ್ನರಾಯದುರ್ಗದ ಸುತ್ತಿನ ಕಬ್ಬಿಣ, ಉಕ್ಕಿನ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ಚನ್ನರಾಯದುರ್ಗ ಈಗ ಕೊರಟಗೆರೆ ತಾಲ್ಲೂಕಿನಲ್ಲಿದೆ. ಮಳೆಗಾಲದಲ್ಲಿ ಗುಡ್ಡದಿಂದ ಹಳ್ಳಕ್ಕೆ ಕೊಚ್ಚಿ ಬರುವ ಕಪ್ಪು ಮರಳನ್ನು ಜನ ಬಳಿದು, ತೊಳೆದು, ಇದ್ದಲಿನೊಡನೆ ಕುಲುಮೆಗೆ ಹಾಕಿ, ತಿದಿ ಒತ್ತಿ ಕಬ್ಬಿಣ ಇಳಿಸುತ್ತಿದ್ದರು.

ಆ ಕಬ್ಬಿಣ ಉಕ್ಕಾಗುವ ಕ್ರಮ ಇನ್ನೂ ಸೊಗಸು. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ಒಂದು ತುಂಡು, ಅದರ ಜೊತೆಗೆ ತಂಗಡಿ ಗಿಡದ ಕಡ್ಡಿ, ಮೇಲೆ ಒಂದಿಷ್ಟು ಹಸಿರೆಲೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಾರೆ. ಹಾಗೆ ತಯಾರಾದ ಮೂಸೆಗಳನ್ನು ಕುಲುಮೆಯಲ್ಲಿ ಕಮಾನಿನಂತೆ ಜೋಡಿಸಿ, ಇದ್ದಲು ತುಂಬಿ, ಗಂಟೆಗಟ್ಟಲೆ ತಿದಿ ಒತ್ತಿದರೆ, ಕಡ್ಡಿ ಎಲೆಗಳು ಸುಟ್ಟು ಉಳಿಯುವ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಕರಗುತ್ತದೆ. ಆರಿದ ಮೇಲೆ ಮೂಸೆ ಒಡೆದರೆ ಒಳಗೆ ಉಕ್ಕಿನ ಚಿಕ್ಕ ಗಟ್ಟಿ. ತಂಗಡಿ ನಿಮಗೆ ಗೊತ್ತಿರುವ ಗಿಡವೇ. ಹಳದಿ ಹೂವಿನದು, ದಾರಿ ಬದಿಯಲ್ಲಿ ಆಡೂ ಮುಟ್ಟದೆ ಬೆಳೆಯುವುದು. ಪಾವಗಡದ ಕಡೆ ತೆಲುಗು ಬಾಯಲ್ಲಿ ಅದು ತಂಗೇಡು. ಇಂಥ ಕುಲುಮೆಗಳು ತೆಲಂಗಾಣದ ಕೋನಸಮುದ್ರ, ತಮಿಳುನಾಡು, ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಗಳಲ್ಲೂ ಇದ್ದವೆಂಬುದನ್ನು ಪುರಾತತ್ವದವರು, ಲೋಹಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ.

ಈ ಗಟ್ಟಿಗಳು ಪರ್ಷಿಯದವರೆಗೆ ಹೋಗಿ, ಅಲ್ಲಿ ನೀರಿನ ಅಲೆಯಂಥ ಗೆರೆಗಳಿರುವ ಕತ್ತಿಗಳಾದವು. ಡಮಾಸ್ಕಸ್ ಉಕ್ಕು ಎಂದು ಲೋಕ ಹೊಗಳಿದ್ದು ಅದನ್ನೇ. 1790ರ ದಶಕದಲ್ಲಿ ಮುಂಬಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್ ಅದರ ಮಾದರಿಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಓದಿದ. ಇಂಗ್ಲಿಷಿನಲ್ಲಿ ಅದಕ್ಕೆ ಬಿದ್ದ ಹೆಸರು ವೂಟ್ಜ್. ಅದು ಕನ್ನಡದ ಉಕ್ಕು ಎಂಬ ಪದದ ಅಪಭ್ರಂಶವೆಂದೇ ಬಹುಮಟ್ಟಿನ ವಿದ್ವಾಂಸರ ಊಹೆ. ಮುಂದೆ ವಿದ್ಯುತ್ತಿನ ಶೋಧಗಳಿಂದ ಹೆಸರಾದ ಮೈಕೆಲ್ ಫ್ಯಾರಡೆ 1820ರ ಆಸುಪಾಸಿನಲ್ಲಿ ಚಾಕುಚೂರಿ ಮಾಡುವ ಸ್ಟೋಡಾರ್ಟ್ ಎಂಬವನೊಡನೆ ಸೇರಿ ಈ ಉಕ್ಕಿನ ಗುಟ್ಟು ಹುಡುಕಲು ಪರಿಶ್ರಮಪಟ್ಟ. ಫ್ಯಾರಡೆ ಕಮ್ಮಾರನ ಮಗ, ಕುಲುಮೆಯ ಮುಂದೆ ಬೆಳೆದ ಕಣ್ಣಿಗೆ ಆ ಗಟ್ಟಿಯ ಬೆಲೆ ಗೊತ್ತಾಗಿರಬೇಕು.

ಅಂದರೆ, ಓದುಗರೇ, ಉಕ್ಕು ಇಲ್ಲಿಂದ ಅತ್ತ ಹೋಗುತ್ತಿತ್ತು, ಅಲಗು ಅಲ್ಲಿಂದ ಇತ್ತ ಬರುತ್ತಿತ್ತು. ನಮ್ಮ ಪದ ಒಂದು ಅವರ ಭಾಷೆಗೆ ಸೇರಿತು, ಅವರ ಹೆಸರು ನಮ್ಮ ಕತ್ತಿಗೆ ಬಂತು. ಬಾಳೆತೋಟದವನು ಸಂತೆಯಲ್ಲಿ ಬಾಳೆಹಣ್ಣು ಕೊಂಡಂತೆ ಇದು. ಏಕೆ ಹೀಗೆ?

ಉತ್ತರಕ್ಕೆ ಇಂದಿನ ಯಾವುದಾದರೂ ಹಳ್ಳಿಯ ಕಮ್ಮಾರಸಾಲೆಗೆ ಹೋಗಿ. ಮಚ್ಚು ಬೇಕೆಂದರೆ ಕಮ್ಮಾರ ಏನು ಮಾಡುತ್ತಾನೆ? ಮೂಲೆಯಲ್ಲಿ ಒರಗಿಸಿಟ್ಟ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ತೆಗೆಯುತ್ತಾನೆ. ಅದಿರಿನಿಂದ ಕಬ್ಬಿಣ ತೆಗೆಯುವ ಗೋಜು ಅವನಿಗೆ ಬೇಕಿಲ್ಲ. ಆ ಪಟ್ಟಿ ಒಳ್ಳೆಯ ಉಕ್ಕು, ಒಂದೇ ಹದದ ಉಕ್ಕು, ಬೇಕಾದ ಅಗಲದಲ್ಲಿ ಸಿದ್ಧವಾಗಿದೆ, ಅಗ್ಗವಾಗಿಯೂ ಇದೆ. ಕಾಸಿ, ಕತ್ತರಿಸಿ, ಬಡಿದು, ಹದ ಕೊಟ್ಟು, ಸಾಣೆ ಹಿಡಿದರೆ ಮಚ್ಚು. ಅದನ್ನು ಯಾರಾದರೂ ಲಾರಿ ಕಂಪನಿಯ ಮಚ್ಚು ಎನ್ನುತ್ತಾರೆಯೆ? ಆ ಊರಿನ ಆಚಾರಿ ಮಾಡಿದ ಮಚ್ಚು ಎನ್ನುತ್ತಾರೆ. ಪಾಳೆಯಗಾರನ ಕಮ್ಮಾರ ಮಾಡಿದ್ದೂ ಇದೇ ಲೆಕ್ಕಾಚಾರ.

ನಮ್ಮ ಮೂಸೆಯ ಉಕ್ಕಿಗೆ ಅದರದೇ ಆದ ಕಷ್ಟಗಳಿದ್ದವು. ಅದರಲ್ಲಿ ಇಂಗಾಲ ನೂರಕ್ಕೆ ಒಂದರಿಂದ ಎರಡು ಭಾಗದಷ್ಟು. ಆದ್ದರಿಂದ ಬಾಯಿ ಅತಿ ಹರಿತ, ಗಡಸು ಹೆಚ್ಚು. ಆದರೆ ಬಡಿಯುವಾಗ ಕಾವು ಸ್ವಲ್ಪ ಹೆಚ್ಚಾದರೆ ಗಟ್ಟಿ ಪುಡಿಯಾಗುತ್ತದೆ, ಸ್ವಲ್ಪ ಕಡಿಮೆಯಾದರೆ ಬಿರುಕು ಬಿಡುತ್ತದೆ. ಒಂದೊಂದು ಗಟ್ಟಿಯೂ ಚಿಕ್ಕದು. ಕಲ್ಲುಕುಟಿಗನ ಉಳಿಗೆ ಅದು ಹೇಳಿ ಮಾಡಿಸಿದ್ದು. ಚನ್ನಪಟ್ಟಣದಲ್ಲಿ ಇಂಥ ಉಕ್ಕಿನಿಂದ ಎಳೆದ ತಂತಿ ವಾದ್ಯಗಳಿಗೆ ಹೆಸರಾಗಿತ್ತು. ಕುದುರೆಯ ಮೇಲಿನಿಂದ ಬೀಸಲು ಬೇಕಾದ ಮೂರು ಅಡಿ ಉದ್ದದ ನೇರ ಅಲಗಿಗೆ ಸುಮಾರು ಒಂದು ಕಿಲೋ ಲೋಹ ಬೇಕು. ಅದು ಬಾಗಬೇಕು, ಬಾಗಿ ಮತ್ತೆ ನೆಟ್ಟಗಾಗಬೇಕು. ಜರ್ಮನಿಯ ಸೊಲಿಂಗೆನ್, ಸ್ಪೇನಿನ ಟೊಲೆಡೊ, ಇಟಲಿಯ ಕುಲುಮೆಗಳಲ್ಲಿ ಬಡಿಯುವವನು ಒಬ್ಬ, ಹದ ಕೊಡುವವನು ಒಬ್ಬ, ಸಾಣೆ ಹಿಡಿಯುವವನು ಒಬ್ಬ ಎಂದು ಕೆಲಸ ಹಂಚಿಕೊಂಡು ಇಂಥ ಅಲಗನ್ನು ಸಾವಿರಗಟ್ಟಲೆ ಮಾಡುತ್ತಿದ್ದರು. ಇದರಲ್ಲಿ ನಮ್ಮ ಉಕ್ಕು ಕೀಳು, ಅವರದು ಮೇಲು ಎಂಬ ಪ್ರಶ್ನೆಯೇ ಏಳುವುದಿಲ್ಲ. ಕ್ಷೌರದ ಕತ್ತಿ ಬೇರೆ, ಕೊಡಲಿ ಬೇರೆ. ಜೊತೆಗೆ ಪ್ರತಿಷ್ಠೆಯೂ ಇತ್ತು ಎಂಬುದನ್ನು ಮರೆಯಬಾರದು. ದೂರದ ವಸ್ತು ಎಂದರೆ ಆಗಲೂ ಮೋಹ, ಈಗಲೂ ಮೋಹ.

ಬಂದ ಅಲಗಿಗೆ ಹಿಡಿ ಹಾಕುವುದರಲ್ಲಿ ನಮ್ಮ ಕೈಚಳಕ ಕಾಣುತ್ತದೆ. ಖಂಡ ಅಥವಾ ಖಾಂಡ ಎಂಬ ಕತ್ತಿಯ ಹಿಡಿಯನ್ನು ನೋಡಿ: ಬೆರಳುಗಳನ್ನು ಕಾಯಲು ಅಗಲವಾದ ಪಟ್ಟಿ, ಮೇಲ್ತುದಿಯಲ್ಲಿ ತಟ್ಟೆಯಂಥ ಬಿಲ್ಲೆ, ಅದರ ಮೇಲೆ ಮುಳ್ಳಿನಂತೆ ಚಾಚಿದ ಕಡ್ಡಿ. ಎರಡು ಕೈಯಿಂದ ಬೀಸುವಾಗ ಎಡಗೈಗೆ ಆಧಾರ ಅದು. ಹಿಡಿಯಿಂದ ಇಳಿದ ಎರಡು ನಾಲಗೆಗಳು ಅಲಗನ್ನು ಇಕ್ಕೆಲದಲ್ಲೂ ಅಪ್ಪಿರುತ್ತವೆ, ಮೊಳೆ ಹೊಡೆದು ಬಿಗಿದಿರುತ್ತಾರೆ. ಆ ನಾಲಗೆಗಳ ಅಂಚನ್ನು ಹೂವಿನ ಎಸಳಿನಂತೆ ಕತ್ತರಿಸುವುದು ದಕ್ಷಿಣದ ಸೊಗಸು. ಬಾಗಿದ ಕತ್ತಿಗಳ ಹಿಡಿಯಾದರೆ ಒಳಗೆ ಟೊಳ್ಳು. ಬಾಲವನ್ನು ಒಳಗೆ ತೂರಿಸಿ ಕಾಯಿಸಿದ ಅರಗನ್ನು ಸುರಿಯುತ್ತಾರೆ, ಆರಿದ ಮೇಲೆ ಅದು ಕಲ್ಲಿನಂತೆ ಕಚ್ಚುತ್ತದೆ.

ಯೂರೋಪಿನ ಕತ್ತಿ ಮುರಿದರೆ? ಅದರ ತುಂಡು ಕಠಾರಿಯಾಯಿತು. ಉತ್ತರ ಆಫ್ರಿಕದ ಬಾಕುಗಳಿಗೆ ನಮ್ಮಲ್ಲಿ ಅತಿ ಹತ್ತಿರದ ಬಂಧು ಇದೇ. ಕಠಾರಿಯ ಹಿಡಿ ಅಡ್ಡಕ್ಕಿರುತ್ತದೆ, ಮುಷ್ಟಿ ಬಿಗಿದು ಗುದ್ದಿದಂತೆ ಚುಚ್ಚುವ ಆಯುಧ ಅದು. ವಿಜಯನಗರ, ನಾಯಕರ ಕಾಲದ, ಮುಖ್ಯವಾಗಿ ತಂಜಾವೂರಿನ ಕಠಾರಿಗಳಲ್ಲಿ ಎಷ್ಟಕ್ಕೋ ಇರುವ ಅಲಗು ಯೂರೋಪಿನ ಉದ್ದ ಕತ್ತಿಯಿಂದ ಕತ್ತರಿಸಿದ ತುಂಡು. ಗುರುತಿಸುವುದು ಕಷ್ಟವಲ್ಲ. ಕಠಾರಿಗೆಂದೇ ಮಾಡಿದ ಅಲಗಿನಲ್ಲಿ ತೋಡುಗಳು ಮೊನೆಯತ್ತ ಹೋಗುತ್ತಾ ಒಂದಕ್ಕೊಂದು ಹತ್ತಿರವಾಗಿ ಅಂದವಾಗಿ ಮುಗಿಯುತ್ತವೆ. ಕತ್ತರಿಸಿದ ತುಂಡಿನಲ್ಲಿ ತೋಡು ತನ್ನ ಪಾಡಿಗೆ ನೇರವಾಗಿ ಬರುತ್ತಿದ್ದು, ಹೊಸದಾಗಿ ಉಜ್ಜಿದ ಮೊನೆಯ ಬಳಿ ಥಟ್ಟನೆ ನಿಲ್ಲುತ್ತದೆ. ಬರಹವಿದ್ದರೆ ಅರ್ಧಕ್ಕೇ ತುಂಡಾಗಿರುತ್ತದೆ.

ಮುದ್ರೆಗಳ ವಿಚಾರ ಸ್ವಲ್ಪ ಹುಷಾರಾಗಿ ತಿಳಿಯಬೇಕು. ಮೊದಲು ಹೇಳಿದ ಓಡುವ ಪ್ರಾಣಿ ತೋಳ. ಅದು ಪಸ್ಸಾವ್ ಎಂಬ ಊರಿನ ಕಮ್ಮಾರರ ಗುರುತು, ಮುಂದೆ ಸೊಲಿಂಗೆನ್ನಿನವರೂ ಅದನ್ನೇ ಹಾಕಿದರು. ಎದುರುಬದುರಾಗಿ ನಿಂತ ಎರಡು ಹಲ್ಲಿನ ಕುಡುಗೋಲುಗಳಂಥ ಅರ್ಧಚಂದ್ರಗಳಿದ್ದರೆ ಜಿನೋವಾದ ಕಡೆಗೆ ಬೆರಳು ತೋರಿಸುತ್ತಾರೆ. ಗುಂಡಿನ ಮೇಲೆ ಶಿಲುಬೆ, ಕಿರೀಟ ತೊಟ್ಟ ತಲೆ, ಆಂದ್ರೆಯಾ ಫೆರಾರ ಎಂಬ ಹೆಸರು, ಇವೆಲ್ಲ ಕಾಣಸಿಗುತ್ತವೆ. ಆದರೆ ಮುದ್ರೆ ಕಂಡ ಕೂಡಲೇ ಊರು ತಿಳಿಯಿತೆಂದು ಹಿಗ್ಗಬೇಡಿ. ಆಂದ್ರೆಯಾ ಫೆರಾರ ಇಟಲಿಯ ಹದಿನಾರನೆಯ ಶತಮಾನದ ಕಮ್ಮಾರ. ಅವನು ಸತ್ತು ನೂರಾರು ವರ್ಷವಾದ ಮೇಲೂ ಜರ್ಮನಿಯವರು ಅವನ ಹೆಸರನ್ನು ಕಾಗುಣಿತ ತಪ್ಪಿಸಿ ಕೆತ್ತುತ್ತಿದ್ದರು. ಟೊಲೆಡೊದ ಹೆಸರಿಗೂ ಅದೇ ಗತಿ. ನಮ್ಮವರೇನು ಕಡಿಮೆಯೆ? ಅರ್ಧಚಂದ್ರದ ಮುದ್ರೆಯನ್ನು ಇಲ್ಲಿನ ಅಲಗಿಗೂ ಒತ್ತಿ ಪರಂಗಿಯೆಂದು ಮಾರಿದವರಿದ್ದರು. ಜರ್ಮನಿಯ ಬಗೆಯ ಕತ್ತಿಗೆ ಅಲಮಾನ್ ಎಂಬ ದೇಶನಾಮದಿಂದ ಅಲಮಾನಿ ಎಂಬ ಹೆಸರು ನಮ್ಮ ದೇಶದಲ್ಲಿ ನಡೆಯುತ್ತಿತ್ತೆಂದರೆ, ಆ ಮಾಲಿಗಿದ್ದ ಗಿರಾಕಿ ಎಷ್ಟೆಂದು ಲೆಕ್ಕ ಹಾಕಿ. ಆದ್ದರಿಂದ ಮುದ್ರೆ, ತೋಡಿನ ಸಂಖ್ಯೆ, ಅಲಗಿನ ದಪ್ಪ, ಹಿಡಿಯ ಆಕಾರ, ಜೋಡಿಸಿದ ರೀತಿ ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದಾಗ ಮಾತ್ರ ವಸ್ತು ಬಾಯಿ ಬಿಡುತ್ತದೆ. ಒಂದನ್ನು ಉಜ್ಜಿ ತೆಗೆದರೆ ಉಳಿದವು ಮೂಕ.

ಇಂಥ ವಸ್ತುಗಳು ಉಳಿದಿರುವುದೇ ಒಂದು ಆಕಸ್ಮಿಕ. ತಂಜಾವೂರು ಅರಮನೆಯ ಆಯುಧಶಾಲೆ ದಕ್ಷಿಣದ ದೊಡ್ಡ ಆಯುಧಶಾಲೆಗಳಲ್ಲಿ ಒಂದು. 1855ರಲ್ಲಿ ಆ ಸಂಸ್ಥಾನ ಇಂಗ್ಲಿಷರ ವಶವಾದ ನಂತರದ ವರ್ಷಗಳಲ್ಲಿ ಅದರಿಂದ ಆಯ್ದ ಒಂದು ಭಾಗ ಮದರಾಸಿನ ಮ್ಯೂಸಿಯಂ ಸೇರಿತು, ಮಿಕ್ಕದ್ದರಲ್ಲಿ ಬಹುಪಾಲನ್ನು ಒಡೆದು ಹಳೆಯ ಕಬ್ಬಿಣವೆಂದು ಮಾರಿದರು. ಅರಮನೆಗೇ ಆ ಪಾಡಾದರೆ, ಕೊರಟಗೆರೆಯಂಥ ಪುಟ್ಟ ಪಾಳೆಯಪಟ್ಟಿನ ಮಾತೇನು? ಅಲ್ಲಿನ ಕೋಟೆಯನ್ನು ಟಿಪ್ಪು ಕೆಡವಿಸಿದ. 1878ರ ಆಯುಧ ಕಾಯ್ದೆಯ ಕಾಲಕ್ಕೆ ಕತ್ತಿ ಕೆಲಸಕ್ಕೆ ಬಾರದ ವಸ್ತುವಾಯಿತು. ಕೆಲಸಕ್ಕೆ ಬಾರದ ಒಳ್ಳೆಯ ಉಕ್ಕು ಕಮ್ಮಾರನ ಮನೆಗೆ ಹೋಗಿ ಕುಡುಗೋಲಾಗುವುದು ನ್ಯಾಯವೇ. ಯಾವುದೋ ಕುಡುಗೋಲಿನಲ್ಲಿ ಇಂದಿಗೂ ಸೊಲಿಂಗೆನ್ನಿನ ಲೋಹ ರಾಗಿ ಕೊಯ್ಯುತ್ತಿದ್ದರೆ ನನಗೆ ವ್ಯಥೆಯಿಲ್ಲ. ಪೂಜೆಯ ಹೆಸರಿನಲ್ಲಿ ವರ್ಷವರ್ಷವೂ ಸವೆಯುವುದು ಮಾತ್ರ ವ್ಯಥೆ.

ಆದ್ದರಿಂದ ಕೆಲವು ಮಾತು. ಇಟ್ಟಿಗೆ ಪುಡಿ, ಮರಳು ಕಾಗದ, ನಿಂಬೆರಸ, ಹುಣಸೆಹಣ್ಣು ಇವು ಅಲಗಿನ ಹತ್ತಿರ ಬರಬಾರದು. ಹುಳಿ ಉಕ್ಕನ್ನು ತಿನ್ನುತ್ತದೆ, ಪುಡಿ ಮುದ್ರೆಯನ್ನು ತಿನ್ನುತ್ತದೆ. ಸಾಣೆಯ ಚಕ್ರಕ್ಕಂತೂ ಕೊಡಲೇಬೇಡಿ. ಮೂಸೆಯ ಉಕ್ಕಿನ ಅಲಗಾದರೆ ಅದರ ಮೈಮೇಲಿನ ಅಲೆಗೆರೆ ಒಂದೇ ಸಾಣೆಗೆ ಮಾಯವಾಗುತ್ತದೆ. ಒಣಗಿದ ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆಯನ್ನು ಸವರಿದರೆ ಸಾಕು. ಬರಿಗೈಯಿಂದ ಅಲಗು ಮುಟ್ಟಿದರೆ ಬೆವರಿನ ಉಪ್ಪು ಉಳಿದು ತುಕ್ಕು ಹಿಡಿಯುತ್ತದೆ. ಹಳೆಯ ಚರ್ಮದ ಒರೆ ತೇವ ಹೀರುತ್ತದೆ. ಒರೆಯನ್ನೂ ಕತ್ತಿಯನ್ನೂ ಬೇರೆಬೇರೆಯಾಗಿ, ಆದರೆ ಒಂದೇ ಕಡೆ ಇಡಿ. ಹಿಡಿ ಅಲುಗಾಡುತ್ತದೆಂದು ಒಲೆಯ ಮೇಲೆ ಕಾಯಿಸಿ ಅರಗು ಕರಗಿಸುವ ಸಾಹಸ ಬೇಡ. ಕುಂಕುಮವನ್ನು ಅಲಗಿಗೆ ಬದಲು ಹಿಡಿಗೋ, ಅದಕ್ಕೆ ಕಟ್ಟಿದ ದಾರಕ್ಕೋ ಇಡಬಹುದು. ಪೂಜೆ ಮಾಡುವವರನ್ನು ಕೇಳಿ ನೋಡಿ, ಒಲ್ಲೆ ಎನ್ನಲಾರರು.

ಕಾನೂನಿನ ಮಾತೂ ಇದೆ. ನೂರು ವರ್ಷ ಮೀರಿದ ಇಂಥ ವಸ್ತು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಪರವಾನಗಿ ಇಲ್ಲದೆ ಅದರ ವ್ಯಾಪಾರ ನಡೆಸುವಂತಿಲ್ಲ. ಮೋಟಾರಿನಲ್ಲಿ ಬಂದು "ಹಳೆಯ ಕತ್ತಿ ಇದ್ದರೆ ಕೊಡಿ, ಹೊಸ ಸ್ಟೀಲ್ ಪಾತ್ರೆ ಕೊಡುತ್ತೇವೆ" ಎನ್ನುವವರಿಗೆ ನಿಮಗಿಂತ ಚೆನ್ನಾಗಿ ಅದರ ಬೆಲೆ ಗೊತ್ತಿರುತ್ತದೆ.

ಈ ಮಹಾನವಮಿಗೆ ಕತ್ತಿ ಕೆಳಗಿಳಿದಾಗ ಅದನ್ನು ಬಿಳಿಯ ಪಂಚೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಮಕ್ಕಳ ಶಾಲೆಯ ಅಳತೆಪಟ್ಟಿ ಇಟ್ಟು, ಬಾಗಿಲ ಬೆಳಕಿನಲ್ಲಿ ಎರಡೂ ಮಗ್ಗುಲಿನ ಚಿತ್ರ ತೆಗೆಸಿ. ಹಿಡಿಯ ಹತ್ತಿರದ ಒಂದು ಗೇಣನ್ನು ಮಾತ್ರ ಬೇರೆಯಾಗಿ ತೆಗೆಸಿ. ಮುದ್ರೆ ಇದ್ದರೆ ಸಾಮಾನ್ಯವಾಗಿ ಅಲ್ಲೇ. ಮನೆಯ ಹಿರಿಯರು ಆ ಕತ್ತಿಯ ಬಗ್ಗೆ ಹೇಳುವುದನ್ನು, ಅತಿಶಯವೆನಿಸಿದರೂ ಬಿಡದೆ, ಅವರ ಮಾತಿನಲ್ಲೇ ಬರೆದಿಡಿ. ಒಂದು ಪ್ರತಿಯನ್ನು ಕತ್ತಿಯ ಜೊತೆಗಿಟ್ಟು, ಇನ್ನೊಂದನ್ನು ಮೈಸೂರಿನಲ್ಲಿರುವ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಕಳಿಸಬಹುದು. ಅಕ್ಷರ ಓದಲು ಬರದಿದ್ದರೂ ಚಿಂತೆಯಿಲ್ಲ, ಕಂಡಂತೆ ಗೀಚಿ ಕಳಿಸಿ. ಆಂದ್ರೆಯಾ ಫೆರಾರನ ಹೆಸರನ್ನು ಸರಿಯಾಗಿ ಬರೆಯಲು ಸೊಲಿಂಗೆನ್ನಿನವರಿಗೂ ಬರುತ್ತಿರಲಿಲ್ಲ.